ಬೋಟಿನ ಟಾಯ್ಲೆಟ್ ಆರಿಸುವ ಮೊದಲು, ಟ್ಯಾಂಕ್ ಎಲ್ಲಿ ಖಾಲಿ ಮಾಡ್ತೀರಿ ಹೇಳಿ

ಬೋಟಿಗೆ ಟಾಯ್ಲೆಟ್ ಹಾಕಿಸುವವರು ಮೊದಲು ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು, ರೇಟು ಎಷ್ಟು ಅಂತ. ಅದು ಎರಡನೇ ಪ್ರಶ್ನೆ. ಮಲಮೂತ್ರ ತುಂಬಿದ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತೀರಿ ಎನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕಿದರೆ ಕಮೋಡಿನ ಆಯ್ಕೆ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು.

ಹೊರದೇಶದ ವಿಡಿಯೋಗಳಲ್ಲಿ ಬೋಟನ್ನು ಮರೀನಾಕ್ಕೆ (ಬೋಟುಗಳ ನಿಲ್ದಾಣಕ್ಕೆ) ತಂದು, ಡೆಕ್ಕಿನ ಮೇಲಿನ ಮುಚ್ಚಳಕ್ಕೆ ಪೈಪು ಸಿಕ್ಕಿಸಿ, ಬಟನ್ ಒತ್ತಿ ಟ್ಯಾಂಕ್ ಖಾಲಿ ಮಾಡುತ್ತಾರೆ. ಮಂಗಳೂರಿನ ದಕ್ಕೆಯಲ್ಲೋ (ಬೋಟು ಕಟ್ಟುವ ಕಟ್ಟೆಯಲ್ಲೋ) ಮಲ್ಪೆಯಲ್ಲೋ ಹಂಗಾರಕಟ್ಟೆಯಲ್ಲೋ ಅಂಥ ಪೈಪು ನಿಮಗಾಗಿ ಕಾಯುತ್ತಿರುತ್ತದೆ ಎಂದು ನಂಬಿ ಬೋಟು ಕಟ್ಟಿಸಬೇಡಿ. ನಮಗಿರುವ ದಾರಿ ಮೂರೇ. ಸಣ್ಣ ಡಬ್ಬಿಯಾದರೆ ಕೈಯಲ್ಲಿ ಹೊತ್ತುಕೊಂಡು ಹೋಗಿ ದಡದ ಟಾಯ್ಲೆಟ್ಟಿಗೆ ಸುರಿಯುವುದು. ದೊಡ್ಡ ಟ್ಯಾಂಕಾದರೆ ಮನೆಗಳ ಸೆಪ್ಟಿಕ್ ಟ್ಯಾಂಕಿಗೆ ಬರುವ ಸಕ್ಕಿಂಗ್ ಲಾರಿಯನ್ನು ದಡಕ್ಕೆ ಕರೆಸುವುದು. ಆಳ ಸಮುದ್ರಕ್ಕೆ ಹೋಗುವ ಬೋಟಾದರೆ ಅಲ್ಲಿ ಬಿಡುವುದು. ನಿಮ್ಮದು ಇದರಲ್ಲಿ ಯಾವುದು ಎಂದು ಮೊದಲು ತೀರ್ಮಾನ ಮಾಡಿ.

ನಾಲ್ಕನೇ ದಾರಿಯೊಂದಿದೆ. ಎಲ್ಲರಿಗೂ ಗೊತ್ತಿರುವುದೇ. ಹೊಳೆಗೆ ಬಿಡುವುದು. ಇಷ್ಟು ವರ್ಷ ನಡೆದಿದೆಯಲ್ಲ, ಈಗೇನು ಎನ್ನುವವರು ಇದ್ದಾರೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಅಳಿವೆಬಾಗಿಲಿನ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯ ಹತ್ತಿರ ಸೇರುವ ಜಾಗ ನೋಡಿ. ಇಳಿತಕ್ಕೆ ಹೊರಗೆ ಹೋದದ್ದರಲ್ಲಿ ಒಂದಿಷ್ಟು ಭರತಕ್ಕೆ ವಾಪಸ್ ಬರುತ್ತದೆ. ಅದೇ ನೀರಿನಲ್ಲಿ ಜನ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿರುವ ರೋಗಾಣುಗಳನ್ನೂ ಸೋಸಿ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸರಿಯಾಗಿ ಬೇಯದಿದ್ದರೆ ಜಾಂಡೀಸ್ ತರುವ ಹೆಪಟೈಟಿಸ್ ಎ, ಟೈಫಾಯ್ಡ್ ಎಲ್ಲ ಆ ದಾರಿಯಲ್ಲಿ ಬರಬಹುದು. ಬೋಟಿನಿಂದ ಬಿಟ್ಟದ್ದು ಮರುವಾಯಿ ಪುಂಡಿಯ (ಅಕ್ಕಿ ಉಂಡೆಯ) ಜೊತೆ ನಮ್ಮ ತಟ್ಟೆಗೇ ಬರುವ ದಾರಿ ಇದು. ಕಾನೂನಿನ ಮಾತು ಬೇಕೆಂದರೆ, ಹೊಳೆಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯ್ದೆಯೇ ತಡೆಯುತ್ತದೆ. ಒಳನಾಡು ನೀರಿನಲ್ಲಿ ಓಡುವ ಬೋಟುಗಳಿಗೆ 1917ರ ಹಳೆ ಕಾಯ್ದೆ ತೆಗೆದು 2021ರಲ್ಲಿ ಹೊಸ ಕಾಯ್ದೆ ಬಂದಿದೆ. ಅದರಲ್ಲಿ ಮಾಲಿನ್ಯ ತಡೆಗೆ ಬೇರೆಯೇ ಅಧ್ಯಾಯ ಇದೆ.

ಸಮುದ್ರದಲ್ಲಿ ಎಷ್ಟು ದೂರ ಹೋದರೆ ಬಿಡಬಹುದು? ಹಡಗುಗಳಿಗೆ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ. ಅದರ 4ನೇ ಅನುಬಂಧ ಶೌಚದ ನೀರಿನದ್ದು. 400 ಗ್ರಾಸ್ ಟನ್ (ಹಡಗಿನ ಗಾತ್ರದ ಅಳತೆ) ಮೇಲ್ಪಟ್ಟ, ಅಥವಾ 15ಕ್ಕಿಂತ ಜಾಸ್ತಿ ಜನರನ್ನು ಒಯ್ಯುವ, ದೇಶದಿಂದ ದೇಶಕ್ಕೆ ಹೋಗುವ ಹಡಗುಗಳಿಗೆ ಅದು ಅನ್ವಯ. ಪುಡಿ ಮಾಡಿ ಸೋಂಕು ತೆಗೆದದ್ದಾದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ. ಹಾಗೇ ಇರುವುದಾದರೆ 12 ನಾಟಿಕಲ್ ಮೈಲಿ ಆಚೆ. ಅದೂ ನಿಂತಲ್ಲೇ ಅಲ್ಲ. ಕನಿಷ್ಠ 4 ನಾಟ್ (ಗಂಟೆಗೆ 4 ನಾಟಿಕಲ್ ಮೈಲಿ) ವೇಗದಲ್ಲಿ ಹೋಗುತ್ತಾ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ನಮ್ಮ ಬೋಟುಗಳು ಆ ಒಪ್ಪಂದದ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಅಳತೆಗೋಲಾಗಿ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. 3 ನಾಟಿಕಲ್ ಮೈಲಿ ಅಂದರೆ ಸುಮಾರು ಐದೂವರೆ ಕಿಲೋಮೀಟರ್. 12 ಅಂದರೆ 22 ಕಿಲೋಮೀಟರ್. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆಗೆ ಹೋಗಿ ಬಿಟ್ಟರೆ ದೂರ ಆಯ್ತಲ್ಲ ಎಂದುಕೊಳ್ಳಬೇಡಿ. ದೂರ ಅಳೆಯುವುದು ಹತ್ತಿರದ ನೆಲದಿಂದ. ದ್ವೀಪವೂ ನೆಲವೇ ಅಲ್ವಾ?

ಸಣ್ಣ ಬೋಟಿಗೆ ಪೋರ್ಟಬಲ್ ಸಾಕು

ಗಾಳ ಹಾಕಲು ಹೋಗುವ ಫೈಬರ್ ಬೋಟು, ಮನೆಯವರನ್ನು ಕೂರಿಸಿಕೊಂಡು ಅರ್ಧ ದಿನ ಸುತ್ತಿ ಬರುವ ಬೋಟು, ಇವಕ್ಕೆಲ್ಲ ಪೋರ್ಟಬಲ್ ಟಾಯ್ಲೆಟ್ ಬಿಟ್ಟು ಬೇರೆ ಯೋಚನೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ಕಿನ ಎರಡು ಪೆಟ್ಟಿಗೆ. ಮೇಲಿನದರಲ್ಲಿ ಕೂರುವ ಸೀಟು ಮತ್ತು ಫ್ಲಶ್ಶಿನ ಒಳ್ಳೆಯ ನೀರು. ಕೆಳಗಿನದರಲ್ಲಿ 10ರಿಂದ 20 ಲೀಟರ್ ಹಿಡಿಯುವ ಗಲೀಜಿನ ಡಬ್ಬಿ. ನಡುವೆ ಜಾರುವ ಒಂದು ವಾಲ್ವ್. ಥೆಟ್‌ಫರ್ಡ್ ಕಂಪನಿಯ ಪೋರ್ಟಾ ಪಾಟಿ ಎಷ್ಟು ಹೆಸರಾಗಿದೆ ಎಂದರೆ ಬೇರೆ ಕಂಪನಿಯದ್ದನ್ನೂ ಜನ ಅದೇ ಹೆಸರಿನಲ್ಲಿ ಕರೆಯುತ್ತಾರೆ. ಬೋಟಿನ ತಳಕ್ಕೆ ತೂತು ಕೊರೆಯಬೇಕಾಗಿಲ್ಲ. ಪೈಪಿಲ್ಲ, ಕರೆಂಟಿಲ್ಲ. ಬೇಡವಾದ ದಿನ ಎತ್ತಿ ಮನೆಯಲ್ಲಿಟ್ಟರಾಯಿತು.

ಆದರೆ ಹೊರುವ ಕೆಲಸ ಇದೆ. 20 ಲೀಟರಿನದ್ದು ತುಂಬಿದರೆ 20 ಕಿಲೋಗಿಂತ ಜಾಸ್ತಿ ಭಾರ. ಇಳಿತದ ಹೊತ್ತಿನಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಹತ್ತಿ ಅದನ್ನು ದಡಕ್ಕೆ ತರುವುದು ನೆನಪಿಸಿಕೊಳ್ಳಿ. ಅದಕ್ಕೇ ದೊಡ್ಡದು ಒಂದರ ಬದಲು 10–12 ಲೀಟರಿನದ್ದು ಸಾಕು. ಜನ ಜಾಸ್ತಿ ಇದ್ದರೆ ಕೆಳಗಿನ ಡಬ್ಬಿ ಇನ್ನೊಂದು ತೆಗೆದಿಟ್ಟುಕೊಳ್ಳಿ. ಬಿಸಿಲಿನಲ್ಲಿಟ್ಟ ಡಬ್ಬಿಯಲ್ಲಿ ಗ್ಯಾಸ್ ತುಂಬಿರುತ್ತದೆ. ಒಮ್ಮೆಲೇ ವಾಲ್ವ್ ತೆಗೆದರೆ ಮುಖಕ್ಕೇ ಹಾರುತ್ತದೆ. ಗಾಳಿ ಬಿಡುವ ಬಟನ್ ಒತ್ತಿಕೊಂಡು ನಿಧಾನ ತೆಗೆಯಿರಿ. ವಾಲ್ವಿನ ರಬ್ಬರಿಗೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬೋಟಿನಲ್ಲಿ ಅದನ್ನು ಬೆಲ್ಟಿನಿಂದ ಬಿಗಿದು ಕಟ್ಟುವುದನ್ನು ಮರೆಯಬೇಡಿ. ಅಳಿವೆಬಾಗಿಲಿನ ಅಲೆಯಲ್ಲಿ ಅದು ಮಗುಚಿದರೆ ಆ ದಿನದ ಪ್ರವಾಸ ಅಲ್ಲಿಗೇ ಮುಗಿಯಿತು.

ಕೈಪಂಪೋ ಕರೆಂಟೋ

ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಿಸುವ ಬೋಟು, ರಾತ್ರಿ ತಂಗುವ ಬೋಟ್‌ಹೌಸ್, ಬಲೆ ಎಳೆಯುತ್ತಾ ಹತ್ತು ದಿನ ಕಡಲಲ್ಲಿರುವ ಟ್ರಾಲ್‌ಬೋಟು ಇವಕ್ಕೆ ಕೂರಿಸಿದ ಟಾಯ್ಲೆಟ್ಟೇ ಬೇಕು. ಇಲ್ಲಿ ನಿಜವಾದ ಪೈಪೋಟಿ ಕೈಪಂಪಿನದ್ದಕ್ಕೂ ಕರೆಂಟಿನದ್ದಕ್ಕೂ.

ಕೈಪಂಪಿನದ್ದರಲ್ಲಿ ಕಮೋಡಿನ ಪಕ್ಕ ಒಂದು ಪಂಪು. ಮೇಲೆ ಕೆಳಗೆ ಒತ್ತಿದರೆ ಹೊರಗಿನ ನೀರು ಒಳಗೆ ಬರುತ್ತದೆ, ಕಮೋಡಿನಲ್ಲಿದ್ದದ್ದು ಟ್ಯಾಂಕಿಗೆ ಹೋಗುತ್ತದೆ. ಒಂದು ಸಣ್ಣ ತಿರುವು ಗುಬ್ಬಿ ಇರುತ್ತದೆ. ಒಂದು ಕಡೆಗಿಟ್ಟರೆ ನೀರು ಬರುತ್ತದೆ, ಇನ್ನೊಂದು ಕಡೆಗಿಟ್ಟರೆ ನೀರು ನಿಂತು ಕಮೋಡು ಬರೀ ಖಾಲಿಯಾಗುತ್ತದೆ. ಜಾಬ್ಸ್ಕೋದ ಕೈಪಂಪು ಇದರಲ್ಲಿ ಎಲ್ಲ ಕಡೆ ಕಾಣುವಂಥದ್ದು. ಒಳಗಿನ ರಬ್ಬರು, ವಾಲ್ವುಗಳ ಸರ್ವಿಸ್ ಕಿಟ್ ಬೇರೆ ಸಿಗುತ್ತದೆ. ಎಂಜಿನ್ ಬಿಚ್ಚಿ ಅಭ್ಯಾಸವಿರುವ ಯಾವ ಬೋಟಿನವನಾದರೂ ಒಂದು ಮಧ್ಯಾಹ್ನದಲ್ಲಿ ಇದನ್ನು ಬಿಚ್ಚಿ ಕಟ್ಟುತ್ತಾನೆ. ಇದರ ದೊಡ್ಡ ಗುಣವೇ ಅದು.

ಕರೆಂಟಿನದ್ದರಲ್ಲಿ ಬಟನ್ ಒತ್ತಿದರೆ ಬ್ಲೇಡು ಎಲ್ಲವನ್ನೂ ಪುಡಿ ಮಾಡಿ ತಳ್ಳುತ್ತದೆ. ಹೊಸಬರಿಗೆ ಹೇಳಿಕೊಡುವ ತಲೆನೋವಿಲ್ಲ. ಪ್ರವಾಸಿ ಬೋಟಿನಲ್ಲಿ ಇದೇ ದೊಡ್ಡ ಆಕರ್ಷಣೆ. ಆದರೆ 12 ವೋಲ್ಟಿನಲ್ಲಿ ಅದು ಓಡುವಾಗ 15–20 ಆಂಪಿಯರ್ ಎಳೆಯುತ್ತದೆ. ತೆಳು ವಯರ್ ಹಾಕಿದರೆ ಮೋಟರು ಸೊರಗುತ್ತದೆ, ವಯರು ಬಿಸಿಯಾಗುತ್ತದೆ. ದಪ್ಪ ವಯರು, ಅದಕ್ಕೆಂದೇ ಬೇರೆ ಫ್ಯೂಸು ಬೇಕೇ ಬೇಕು. ಮತ್ತೆ ಪ್ಯಾಡು, ಗುಟ್ಕಾ ಪ್ಯಾಕೆಟ್ಟು, ಕೂದಲಿನ ಉಂಡೆ ಬಿದ್ದರೆ ಬ್ಲೇಡು ಸಿಕ್ಕಿಕೊಳ್ಳುತ್ತದೆ. ಕೈಪಂಪು ಕಟ್ಟಿದರೆ ಅದು ಕೈಗೆ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸುತ್ತೀರಿ. ಮೋಟರಿಗೆ ಗೊತ್ತಾಗುವಾಗ ಅದು ಸುಟ್ಟಿರುತ್ತದೆ.

ಟ್ರಾಲ್‌ಬೋಟಿಗೆ ನಾನು ಎರಡನೇ ಮಾತಿಲ್ಲದೆ ಕೈಪಂಪನ್ನೇ ಹೇಳುತ್ತೇನೆ. ಬೋಟ್‌ಹೌಸಿಗೆ ಕರೆಂಟಿನದ್ದು ಹಾಕಬಹುದು. ಅಲ್ಲಿ ಜನರೇಟರ್ ಇದೆ, ದಡ ಹತ್ತಿರ, ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ. ಆದರೂ ಎರಡು ಟಾಯ್ಲೆಟ್ ಇದ್ದರೆ ಒಂದಾದರೂ ಕೈಪಂಪಿನದ್ದಿರಲಿ. ವ್ಯಾಕ್ಯೂಮಿನಿಂದ ಎಳೆಯುವ ಜಾತಿಯೂ ಇದೆ. ಒಂದು ಫ್ಲಶ್ಶಿಗೆ ಅರ್ಧ ಲೀಟರಿನಿಂದ ಒಂದು ಲೀಟರ್ ನೀರು ಸಾಕು, ಟ್ಯಾಂಕು ನಿಧಾನ ತುಂಬುತ್ತದೆ. ಆದರೆ ಬೆಲೆ ಜಾಸ್ತಿ. ಎಲ್ಲೋ ಒಂದು ಕಡೆ ಗಾಳಿ ಲೀಕಾದರೆ ಇಡೀ ವ್ಯವಸ್ಥೆ ಕೂತುಬಿಡುತ್ತದೆ. ಇಲ್ಲಿ ಅದನ್ನು ನೋಡಿ ಗೊತ್ತಿರುವ ಕೈ ಸಿಗುವವರೆಗೆ ಅದರ ಸಹವಾಸ ಬೇಡ.

ಹೊರಗಿನ ನೀರು ಎಳೆಯುವ ಯಾವುದೇ ಟಾಯ್ಲೆಟ್ಟಿನಲ್ಲಿ ಒಂದು ಅಪಾಯ ಇದೆ. ಇದನ್ನು ಹಗುರ ಮಾಡಬೇಡಿ. ಕಮೋಡಿನ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ವಾಲ್ವ್ ತೆರೆದಿಟ್ಟು ಹೋದ ಬೋಟಿಗೆ ನೀರು ತನ್ನಷ್ಟಕ್ಕೇ ಸೈಫನ್ ಆಗಿ ಒಳಗೆ ಬರುತ್ತದೆ. ಕಟ್ಟಿಹಾಕಿದಲ್ಲೇ ಬೋಟು ಮುಳುಗಿರುವ ಕತೆಗಳು ಜಗತ್ತಿನ ಎಲ್ಲ ಬಂದರುಗಳಲ್ಲೂ ಇವೆ. ನೀರು ಬರುವ ಪೈಪನ್ನು ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲಕ್ಕೆ ಒಯ್ದು, ತುದಿಯಲ್ಲಿ ಗಾಳಿ ಎಳೆಯುವ ಸಣ್ಣ ವಾಲ್ವಿರುವ ಬಾಗು ಹಾಕಿಸಿ. ಬೋಟು ವಾಲಿದಾಗಲೂ ಅದು ಮೇಲೇ ಇರಬೇಕು. ಆ ಸಣ್ಣ ವಾಲ್ವಿನಲ್ಲಿ ಉಪ್ಪು ಕಟ್ಟುತ್ತದೆ. ಆಗಾಗ ಬಿಚ್ಚಿ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಬೋಟಿನ ತಳದಲ್ಲಿ ನೀರು ಬರುವ ತೂತಿನ ವಾಲ್ವ್ ಕಂಚಿನದ್ದೇ ಆಗಿರಲಿ. ನಮ್ಮಲ್ಲಿ ಗನ್‌ಮೆಟಲ್ ಎಂದು ಕೇಳಿದರೆ ಕೊಡುತ್ತಾರೆ. ಮನೆ ಪ್ಲಂಬಿಂಗಿನ ಹಿತ್ತಾಳೆ ಗೇಟ್ ವಾಲ್ವ್ ಸಸ್ತಾ ಎಂದು ಹಾಕಿದರೆ ಉಪ್ಪುನೀರು ಅದರಲ್ಲಿನ ಸತುವನ್ನು ತಿನ್ನುತ್ತದೆ. ಹೊರಗಿನಿಂದ ಚೆನ್ನಾಗಿ ಕಾಣುತ್ತಿದ್ದದ್ದು ಒಂದು ದಿನ ಕೈಯಲ್ಲೇ ಮುರಿದು ಬರುತ್ತದೆ.

ಮನೆಯ ಕಮೋಡನ್ನೇ ಕೂರಿಸಿದರೆ?

ಇಲ್ಲಿ ಬಹಳ ಜನ ಮಾಡುವುದು ಇದನ್ನೇ. ಅಂಗಡಿಯಿಂದ ಪಿಂಗಾಣಿಯ ಇಂಡಿಯನ್ ಕಮೋಡು ತಂದು, ಕೆಳಗೆ ಟ್ಯಾಂಕಿಟ್ಟು, ಬಕೆಟ್ಟಿನಿಂದ ನೀರು ಹೊಯ್ಯುವುದು. ನೋಡಿ ನಗಬೇಡಿ. ಪಂಪಿಲ್ಲ, ವಾಲ್ವಿಲ್ಲ, ಕೆಡಲು ಏನೂ ಇಲ್ಲ. ಟ್ಯಾಂಕು ನೇರ ಕೆಳಗೇ ಇದ್ದರೆ ಚೆನ್ನಾಗಿಯೇ ನಡೆಯುತ್ತದೆ.

ಎರಡು ತೊಂದರೆ ಇವೆ. ಮನೆಯಲ್ಲಿ ವಾಸನೆ ತಡೆಯುವುದು ಕಮೋಡಿನ ಕೆಳಗಿನ ಬಾಗಿನಲ್ಲಿ ನಿಂತ ನೀರು. ಬೋಟು ಹೊಯ್ದಾಡಿದಾಗ ಆ ನೀರು ಚೆಲ್ಲಿ ಹೋಗುತ್ತದೆ, ಟ್ಯಾಂಕಿನ ಗ್ಯಾಸು ನೇರ ಮೇಲೆ ಬರುತ್ತದೆ. ಹೊಳೆಯ ಬೋಟಿನಲ್ಲಿ ಇದು ಅಷ್ಟಾಗಿ ಕಾಡದು. ಕಡಲಿನಲ್ಲಿ ಖಂಡಿತ ಕಾಡುತ್ತದೆ. ಇನ್ನೊಂದು, ನೀರಿನ ಲೆಕ್ಕ. ಬಕೆಟ್ಟಿನಿಂದ ಹೊಯ್ಯುವವರು ಅಳತೆ ಮಾಡುವುದಿಲ್ಲ. ನಾಲ್ಕೈದು ಲೀಟರ್ ಹೊಯ್ದರೇನೇ ಅವರಿಗೆ ಸಮಾಧಾನ. ನೆಟ್ಟಗೆ ಕುಕ್ಕರಗಾಲಲ್ಲಿ ಕೂರುವುದೂ ಅಲೆಯಲ್ಲಿ ಸುಲಭವಲ್ಲ. ಹಾಕಿಸುವುದಾದರೆ ಎರಡೂ ಬದಿಯಲ್ಲಿ ಗಟ್ಟಿ ಹಿಡಿಕೆ ಹಾಕಿಸಿ.

ಟ್ರಾಲ್‌ಬೋಟಿನವರಿಗೆ ಒಂದು ಮಾತು. ಹಿಂಬದಿಯ ಅಂಚಿನಲ್ಲಿ ಕೂರುವ ಅಭ್ಯಾಸ ಇನ್ನೂ ಹೋಗಿಲ್ಲ. ರಾತ್ರಿ ಅಲ್ಲಿ ಕಾಲು ಜಾರಿದರೆ ಎಂಜಿನ್ ಸದ್ದಿನಲ್ಲಿ ಕೂಗು ಯಾರಿಗೂ ಕೇಳುವುದಿಲ್ಲ. ಬಾಗಿಲಿರುವ, ಹಿಡಿಕೆಯಿರುವ ಎಂಥ ಟಾಯ್ಲೆಟ್ಟಾದರೂ ಅದಕ್ಕಿಂತ ಮೇಲು.

ನೀರಿಲ್ಲದ್ದು, ಬ್ಯಾಕ್ಟೀರಿಯಾದ್ದು

ಕಾಂಪೋಸ್ಟಿಂಗ್ ಟಾಯ್ಲೆಟ್ ಬಗ್ಗೆ ಯೂಟ್ಯೂಬಿನಲ್ಲಿ ಭಾರೀ ಹೊಗಳಿಕೆ. ಮೂತ್ರ ಮುಂದಿನ ಡಬ್ಬಿಗೆ, ಮಲ ಹಿಂದಿನ ಪೆಟ್ಟಿಗೆಗೆ. ಹಿಂದಿನದರಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಹಿಡಿ ತಿರುಗಿಸುವುದು. ಎರಡೂ ಬೇರೆ ಇದ್ದರೆ ವಾಸನೆ ನಿಜವಾಗಿ ಕಡಿಮೆ. ನಾರಿನ ಪುಡಿಗೆ ನಮ್ಮೂರಲ್ಲಿ ಬರವೂ ಇಲ್ಲ. ಆದರೆ ಅದನ್ನು ಮಾಡಿದ್ದು ಕಾಗದ ಬಳಸುವವರಿಗಾಗಿ. ನಾವು ನೀರು ಬಳಸುವವರು. ಪ್ರತಿ ಸಲ ಒಂದು ಮಗ್ ನೀರು ಹಿಂದಿನ ಪೆಟ್ಟಿಗೆಗೆ ಬಿದ್ದರೆ ಕೆಲವೇ ದಿನದಲ್ಲಿ ಅದು ಕೆಸರಿನ ಗುಂಡಿಯಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಒಣಗುವ ಮಾತೂ ಇಲ್ಲ. ಒಬ್ಬಿಬ್ಬರೇ ಇರುವ ಹಾಯಿದೋಣಿಯಲ್ಲಿ, ತೊಳೆಯಲು ಬೇರೆ ವ್ಯವಸ್ಥೆ ಮಾಡಿಕೊಂಡರೆ ನಡೆದೀತು. ಪ್ರವಾಸಿ ಬೋಟಿಗೆ ಸಾಧ್ಯವೇ ಇಲ್ಲ. ಪೆಟ್ಟಿಗೆಯಲ್ಲಿ ಕೆಲವು ವಾರ ಇದ್ದದ್ದು ಗೊಬ್ಬರವೂ ಅಲ್ಲ. ಅದನ್ನು ದಡದಲ್ಲಿ ಇನ್ನೂ ತಿಂಗಳುಗಟ್ಟಲೆ ಕೊಳೆಸಬೇಕು.

ಬಯೋ ಡೈಜೆಸ್ಟರ್ ಹೆಸರು ರೈಲಿನಿಂದ ಎಲ್ಲರಿಗೂ ಗೊತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಇದನ್ನು ಮೊದಲು ಮಾಡಿದ್ದು ಹಿಮದ ಎತ್ತರದಲ್ಲಿರುವ ಸೈನಿಕರಿಗಾಗಿ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಮಲವನ್ನು ಕರಗಿಸಿ ನೀರು ಮತ್ತು ಗ್ಯಾಸ್ ಮಾಡುತ್ತದೆ. ದಿನಾ ಜನ ಇರುವ ದೊಡ್ಡ ಬೋಟ್‌ಹೌಸಿಗೆ ಇದು ಯೋಚಿಸುವಂಥದ್ದು. ಆದರೆ ಆ ಜೀವಿಗಳಿಗೆ ಫಿನಾಯಿಲ್ ಆಗದು, ಆ್ಯಸಿಡ್ ಆಗದು, ಬ್ಲೀಚಿಂಗ್ ಪುಡಿ ಆಗದು, ಉಪ್ಪುನೀರಿನ ಫ್ಲಶ್ಶೂ ಒಳ್ಳೆಯದಲ್ಲ. ಕ್ಲೀನ್ ಮಾಡುವ ಹುಡುಗನಿಗೆ ಇದನ್ನು ಹೇಳದಿದ್ದರೆ ಒಂದೇ ಬೆಳಿಗ್ಗೆ ಎಲ್ಲವನ್ನೂ ಸಾಯಿಸಿಬಿಡುತ್ತಾನೆ. ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣು ಇರುತ್ತದೆ. ಆ ನೀರಿಗೆ ಕೊನೆಯಲ್ಲಿ ಕ್ಲೋರಿನ್ ಹಂತ ಇಲ್ಲದ ಡೈಜೆಸ್ಟರ್ ಮಾರಲು ಬಂದರೆ ವಾಪಸ್ ಕಳಿಸಿ.

ಟ್ಯಾಂಕಿನ ಲೆಕ್ಕ

ಹೊರಗಿನ ಪುಸ್ತಕದ ಲೆಕ್ಕ ಇಲ್ಲಿ ಸರಿಹೋಗದಿರುವುದು ತೊಳೆಯುವ ನೀರಿನಿಂದ. ಕೈಪಂಪಿನ ಫ್ಲಶ್ಶಿಗೆ 2 ಲೀಟರ್ ಹಿಡಿಯಿರಿ, ಮಗ್ಗಿನಿಂದ ತೊಳೆದರೆ 1 ಲೀಟರ್. ಸಲಕ್ಕೆ 3 ಲೀಟರ್ ಆಯಿತು. ಅಲ್ಲೇ ಜೆಟ್ ಸ್ಪ್ರೇ ಹಾಕಿದರೆ ಇನ್ನೆರಡು ಮೂರು ಲೀಟರ್ ಸುಮ್ನೆ ಸೇರುತ್ತದೆ. ಜೆಟ್ ಇರುವ ಬೋಟು, ಇಲ್ಲದ ಬೋಟು, ಇವುಗಳ ಟ್ಯಾಂಕಿನ ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ. ನನ್ನ ಕೇಳಿದರೆ ಜೆಟ್ ಬೇಡ, ಮಗ್ಗೇ ಇರಲಿ.

25 ಜನ, ಒಂದು ಸಂಜೆಯ ಸುತ್ತಾಟ. ಒಬ್ಬರಿಗೆ ಒಂದು ಸಲ ಎಂದರೂ 75 ಲೀಟರ್. ಟ್ಯಾಂಕನ್ನು ಮುಕ್ಕಾಲಿಗಿಂತ ಮೇಲೆ ತುಂಬಿಸಬಾರದು. ಹಾಗಾಗಿ 100 ಲೀಟರಿನದ್ದು ಬೇಕು. ಬೋಟ್‌ಹೌಸಿನಲ್ಲಿ ಅತಿಥಿಗಳು 8, ಕೆಲಸದವರು 3. ದಿನಕ್ಕೆ ಐದು ಸಲ ಹಿಡಿದರೆ 165 ಲೀಟರ್. ಎರಡು ದಿನಕ್ಕೊಮ್ಮೆ ಲಾರಿ ಬರುವುದಾದರೆ 450 ಲೀಟರಿಗೆ ಕಮ್ಮಿ ನೋಡಬೇಡಿ. ಸ್ನಾನದ ನೀರನ್ನು ಇದಕ್ಕೆ ಬಿಡಲೇಬಾರದು. ಅದಕ್ಕೆ ಬೇರೆ ಟ್ಯಾಂಕು.

ಟ್ರಾಲ್‌ಬೋಟಿನ ಲೆಕ್ಕ ಬೇರೆ. 8 ಜನ, 10 ದಿನ, ಅದೇ ಲೆಕ್ಕಕ್ಕೆ 1,200 ಲೀಟರ್. ಒಂದು ಟನ್ನಿಗಿಂತ ಜಾಸ್ತಿ ಭಾರ. ಐಸು, ಮೀನು ಬಿಟ್ಟು ಆ ಜಾಗವನ್ನು ಯಾವ ಮಾಲಕ ಕೊಡುತ್ತಾನೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಕೊಡುವ ಅಗತ್ಯವೂ ಇಲ್ಲ. ಒಂದೂಕಾಲು ದಿನಕ್ಕಾಗುವ 200 ಲೀಟರಿನ ಟ್ಯಾಂಕಿಡಿ. ಟ್ಯಾಂಕಿಗೆ ಹೋಗುವ ಮತ್ತು ಹೊರಗೆ ಹೋಗುವ ದಾರಿ ಬದಲಿಸುವ ವೈ ವಾಲ್ವ್ ಹಾಕಿ. ದಕ್ಕೆಯಿಂದ ಹೊರಟು 12 ನಾಟಿಕಲ್ ಮೈಲಿ ದಾಟುವವರೆಗೆ, ಮತ್ತೆ ವಾಪಸ್ ಬರುವಾಗ ಅಲ್ಲಿಂದ ಒಳಗೆ, ಎಲ್ಲವೂ ಟ್ಯಾಂಕಿಗೆ. ಜಿಪಿಎಸ್ ಎಲ್ಲ ಬೋಟಿನಲ್ಲೂ ಇದೆ, ದೂರ ನೋಡುವುದು ಬೋಟು ನಡೆಸುವ ತಂಡೇಲನಿಗೆ ಕಷ್ಟವಲ್ಲ. ಒಳಗಿರುವಾಗ ವಾಲ್ವಿನ ಹಿಡಿಯನ್ನು ಟ್ಯಾಂಕಿನ ಕಡೆಗೆ ವಯರಿನಿಂದ ಕಟ್ಟಿಡಿ.

ಟ್ಯಾಂಕು ಯಾವುದರದ್ದು? ದಪ್ಪ ಗೋಡೆಯ ಪಾಲಿಎಥಿಲೀನ್. ಇಲ್ಲಿ ನನಗೆ ಅನುಮಾನವೇ ಇಲ್ಲ. ಸ್ಟೀಲು ಗಟ್ಟಿ ಅನಿಸುತ್ತದೆ. ಆದರೆ ಮೂತ್ರ ಮತ್ತು ಉಪ್ಪುನೀರು ಸೇರಿ ವೆಲ್ಡಿಂಗಿನ ಜಾಗದಲ್ಲಿ ಸೂಜಿ ತೂತು ಮಾಡುತ್ತವೆ. ಅಲ್ಯೂಮಿನಿಯಂ ಅದಕ್ಕಿಂತ ಬೇಗ ಹೋಗುತ್ತದೆ. ಫೈಬರಿನಲ್ಲಿ ಬೋಟಿನ ಆಕಾರಕ್ಕೆ ಸರಿಯಾಗಿ ಕಟ್ಟಿಸಬಹುದು, ನಮ್ಮಲ್ಲಿ ಕೆಲಸದವರೂ ಇದ್ದಾರೆ. ಒಳಗಿನ ಪದರ ಸರಿಯಾಗಿ ಕೂರದಿದ್ದರೆ ವಾಸನೆ ಹೀರಿಕೊಂಡು ಬಿಡುವುದೇ ಇಲ್ಲ. ರಬ್ಬರ್ ಚೀಲದಂಥ ಟ್ಯಾಂಕು ಉಜ್ಜಿ ಉಜ್ಜಿ ತೂತಾಗುತ್ತದೆ, ಬೇಡ. ತೆಳು ಬಿಳಿ ಪ್ಲಾಸ್ಟಿಕ್ಕಿನ ನೀರಿನ ಟ್ಯಾಂಕೂ ಬೇಡ. ಅದರ ಗೋಡೆಯಿಂದಲೇ ವಾಸನೆ ಹೊರಗೆ ಬರುತ್ತದೆ.

ಟ್ಯಾಂಕು ಆದಷ್ಟು ಕೆಳಗೆ, ಬೋಟಿನ ನಡುಗೆರೆಯ ಹತ್ತಿರ ಇರಲಿ. ಅಗಲವಾದ ಟ್ಯಾಂಕು ಅರ್ಧ ತುಂಬಿದ್ದರೆ ಒಳಗಿನ ನೀರು ಆ ಕಡೆ ಈ ಕಡೆ ಓಡಿ ಬೋಟನ್ನು ಇನ್ನಷ್ಟು ವಾಲಿಸುತ್ತದೆ. ದೊಡ್ಡದಾದರೆ ಒಳಗೆ ಅಡ್ಡ ತಡೆಗಳನ್ನು ಕೇಳಿ ಹಾಕಿಸಿ. ಕಮೋಡಿಗೂ ಟ್ಯಾಂಕಿಗೂ ದೂರ ಕಮ್ಮಿ ಇರಲಿ. 38 ಮಿಲಿಮೀಟರಿನ ಪೈಪು ಒಂದು ಮೀಟರಿಗೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ನಾಲ್ಕು ಮೀಟರ್ ಪೈಪಿದ್ದರೆ ಗಲೀಜು ಟ್ಯಾಂಕು ಮುಟ್ಟಲು ನಾಲ್ಕೂವರೆ ಲೀಟರ್ ನೀರು ಪಂಪ್ ಮಾಡಬೇಕು. ಅಷ್ಟು ಮಾಡದಿದ್ದರೆ ಅದು ಪೈಪಿನಲ್ಲೇ ಕೂತು ನಾರುತ್ತದೆ.

ದೊಡ್ಡ ಟ್ಯಾಂಕಿಗೆ ಮೇಲಿನಿಂದ ಕೈ ಹಾಕಿ ತೊಳೆಯುವಷ್ಟು ಅಗಲದ ಮುಚ್ಚಳ ಇರಬೇಕು. ಯಾರೂ ಒಳಗೆ ಇಳಿಯುವ ಪ್ರಸಂಗ ಬರಬಾರದು. ಕೊಳೆತಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಮೀನಿನ ತ್ಯಾಜ್ಯದ ಟ್ಯಾಂಕಿಗೆ ಇಳಿದವರ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ರಕ್ಷಣಾ ಸಾಧನವಿಲ್ಲದೆ ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಲಾರಿ ಬಂದಾಗ

ಸಕ್ಕಿಂಗ್ ಲಾರಿಯ ಎಳೆತ ಬೋಟಿಗೆ ಮಾಡಿದ್ದಲ್ಲ, ಮನೆಯ ಗುಂಡಿಗೆ ಮಾಡಿದ್ದು. ಬೋಟಿನ ಟ್ಯಾಂಕಿಗೆ ಗಾಳಿ ಹೋಗುವ ಪೈಪು ಕಟ್ಟಿಕೊಂಡಿದ್ದರೆ ಅದು ಟ್ಯಾಂಕನ್ನು ಕಾಲಿಟ್ಟ ಪ್ಲಾಸ್ಟಿಕ್ ಬಾಟಲಿಯಂತೆ ಹಿಸುಕಿಬಿಡುತ್ತದೆ. ಹಾಗಾಗಿ ಎಳೆಯುವ ಮೊದಲು ಮೇಲಿನ ಮುಚ್ಚಳ ತೆಗೆದಿಡಿ, ಅಥವಾ ಲಾರಿಯ ಪೈಪನ್ನು ಬಿಗಿಯಾಗಿ ಸಿಕ್ಕಿಸದೆ ಸಡಿಲವಾಗಿ ಇಳಿಬಿಡಿ. ಅರ್ಧ ಖಾಲಿಯಾದ ಮೇಲೆ ನಾಲ್ಕು ಬಕೆಟ್ ನೀರು ಹೊಯ್ದು ಕದಡಿಸಿ ಮತ್ತೆ ಎಳೆಸಿ. ಇಲ್ಲದಿದ್ದರೆ ತಳದ ಗಷ್ಟು ಅಲ್ಲೇ ಉಳಿಯುತ್ತದೆ.

ಎಲ್ಲ ದಕ್ಕೆಗೂ ಲಾರಿ ಹೋಗುವುದಿಲ್ಲ. ಪೈಪಿನ ಉದ್ದ ಎಷ್ಟು, ನೀರಿನ ಮಟ್ಟ ಇಳಿದಾಗ ಬೋಟು ಎಷ್ಟು ಕೆಳಗೆ ಹೋಗುತ್ತದೆ, ಇದನ್ನು ನೋಡಿ ಭರತದ ಹೊತ್ತಿಗೆ ಕರೆಸಿ. ಎಲ್ಲಿ ಸುರಿಯುತ್ತಾನೆ ಎಂದೂ ಕೇಳಿ. ಮಂಗಳೂರಿನ ಕಾವೂರಿನಲ್ಲಿ, ಉಡುಪಿಯ ನಿಟ್ಟೂರಿನಲ್ಲಿ ಒಳಚರಂಡಿ ನೀರು ಶುದ್ಧ ಮಾಡುವ ಘಟಕಗಳಿವೆ. ನೀವು ಹೊಳೆಗೆ ಬಿಡದೆ ಉಳಿಸಿದ್ದನ್ನು ಅವನು ಸೇತುವೆ ಬದಿಯಲ್ಲಿ ಹೊಳೆಗೇ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಯಾಕೆ?

ವಾಸನೆ ಎಲ್ಲಿಂದ ಬರುತ್ತದೆ

ವಾಸನೆ ಬಂದ ಕೂಡಲೇ ಎಲ್ಲರೂ ಬಿಳಿ ಫಿನಾಯಿಲ್ ಹೊಯ್ಯುತ್ತಾರೆ. ಬಿಳಿ ಫಿನಾಯಿಲಿನಲ್ಲಿರುವುದು ಪೈನ್ ಎಣ್ಣೆ. ಅದು ಪಂಪಿನ ರಬ್ಬರ್ ವಾಲ್ವುಗಳನ್ನು ಉಬ್ಬಿಸುತ್ತದೆ. ಮನೆಯ ಟಾಯ್ಲೆಟ್ ಕ್ಲೀನರಿನ ಆ್ಯಸಿಡ್ಡೂ ಅದೇ ಜಾತಿ. ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಒಟ್ಟಿಗೆ ಬಿದ್ದರೆ ಕ್ಲೋರಿನ್ ಗ್ಯಾಸೇ ಬರುತ್ತದೆ. ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೆ ಕುತ್ತು. ಕಮೋಡಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಬ್ರಷ್ಷು ಸಾಕು.

ಮೊದಲು ಕಾರಣ ಹುಡುಕಿ. ಬೆಳಿಗ್ಗೆ ಮೊದಲ ಸಲ ಪಂಪ್ ಮಾಡಿದಾಗ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಟ್ಯಾಂಕಿನದ್ದಲ್ಲ. ನೀರು ಬರುವ ಪೈಪಿನಲ್ಲಿ ನಿಂತ ಉಪ್ಪುನೀರಿನ ಸಣ್ಣ ಜೀವಿಗಳು ಸತ್ತು ಕೊಳೆತದ್ದು. ಬೋಟು ಬಿಟ್ಟು ಹೋಗುವ ಮೊದಲು ಒಂದು ಚೊಂಬು ಒಳ್ಳೆಯ ನೀರು ಕಮೋಡಿಗೆ ಹೊಯ್ದು ಪಂಪ್ ಮಾಡಿದರೆ ಕಮೋಡು, ಪಂಪು, ಹೊರಹೋಗುವ ಪೈಪು ತೊಳೆಯುತ್ತವೆ. ಬರುವ ಪೈಪು ತೊಳೆಯಲು ಅದನ್ನೇ ಬಿಚ್ಚಿ ಬಕೆಟ್ಟಿಗೆ ಇಳಿಬಿಡಬೇಕು. ಕುಡಿಯುವ ನೀರಿನ ಲೈನಿಗೆ ಮಾತ್ರ ಟಾಯ್ಲೆಟ್ಟನ್ನು ಎಂದೂ ಸೇರಿಸಬೇಡಿ.

ಯಾವಾಗಲೂ ಮಂದವಾಗಿ ನಾರುತ್ತಿದ್ದರೆ ಪೈಪನ್ನು ನೋಡಿ. ಸಾಮಾನ್ಯ ಪಿವಿಸಿ ಪೈಪಿನ ಗೋಡೆಯಿಂದ ವಾಸನೆ ಹೊರಗೆ ಸೋರುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪೈಪು ಒರೆಸಿ, ತಣ್ಣಗಾದ ಮೇಲೆ ಬಟ್ಟೆಯನ್ನು ಮೂಸಿ. ಬಟ್ಟೆ ನಾರಿದರೆ ಪೈಪು ಹೋಯಿತು. ಟಾಯ್ಲೆಟ್ಟಿಗೆಂದೇ ಬರುವ ದಪ್ಪ ರಬ್ಬರ್ ಪೈಪು ದುಬಾರಿ, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ. ಎಲ್ಲೂ ಜೋತುಬಿದ್ದು ಗಲೀಜು ನಿಲ್ಲದ ಹಾಗೆ ಎಳೆಯಿರಿ. ಪ್ರತಿ ಜಾಯಿಂಟಿಗೆ ಉಪ್ಪುನೀರು ತಡೆಯುವ 316 ದರ್ಜೆಯ ಸ್ಟೀಲಿನ ಎರಡೆರಡು ಕ್ಲಿಪ್ ಹಾಕಿ.

ಹೊರಗೆ, ಟ್ಯಾಂಕಿನ ಗಾಳಿ ಪೈಪಿನ ಹತ್ತಿರ ನಾರುತ್ತಿದ್ದರೆ ಟ್ಯಾಂಕಿಗೆ ಗಾಳಿ ಸಾಲದು ಎಂದರ್ಥ. ಗಾಳಿ ಇದ್ದರೆ ಒಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾ ಬೇರೆ, ಅವು ಅಷ್ಟಾಗಿ ವಾಸನೆ ಮಾಡುವುದಿಲ್ಲ. ಗಾಳಿ ಇಲ್ಲದಿದ್ದರೆ ಕೊಳೆತ ಮೊಟ್ಟೆಯ ಗ್ಯಾಸ್ ಮಾಡುವವು ಬೆಳೆಯುತ್ತವೆ. ಬೆರಳು ತೂರದ ಸಣ್ಣ ಪೈಪಿನ ಬದಲು 25 ಮಿಲಿಮೀಟರಿಗೆ ಕಮ್ಮಿಯಿಲ್ಲದ, ಗಿಡ್ಡ, ನೇರ ಪೈಪು ಹಾಕಿ. ಸಾಧ್ಯವಾದರೆ ಬೋಟಿನ ಎರಡೂ ಬದಿಗೆ ಒಂದೊಂದು. ನೀಲಿ ಬಣ್ಣದ ಕೆಮಿಕಲ್‌ಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಇರುವಂಥವು, ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ದಡದ ಸೆಪ್ಟಿಕ್ ಟ್ಯಾಂಕಿಗೆ ಸುರಿಯುವುದಾದರೆ ಅವು ಅಲ್ಲಿಯದ್ದನ್ನೂ ಕೊಲ್ಲುತ್ತವೆ. ಎನ್ಜೈಮಿನದ್ದು ತೆಗೆದುಕೊಳ್ಳಿ.

ಫ್ಲಶ್ ಮಾಡಿದ್ದು ಕಮೋಡಿಗೆ ವಾಪಸ್ ಬರುತ್ತಿದ್ದರೆ ಜೋಕರ್ ವಾಲ್ವ್ ಸವೆದಿದೆ. ಪಂಪಿನ ಹೊರ ಬಾಯಿಯಲ್ಲಿರುವ, ತುಟಿಯಂಥ ಸೀಳಿರುವ ರಬ್ಬರು ಅದು. ಅಗ್ಗದ ವಸ್ತು, ವರ್ಷಕ್ಕೊಮ್ಮೆ ಬದಲಿಸಿ.

ಮಳೆಗಾಲದ ಎರಡು ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ರಜೆ. ಪ್ರವಾಸಿ ಬೋಟುಗಳೂ ಆಗ ಕಟ್ಟಿರುತ್ತವೆ. ಟಾಯ್ಲೆಟ್ ಬಿಚ್ಚಲು ಇದೇ ಸಮಯ. ಮೇ ಕೊನೆಯಲ್ಲಿ, ಬೋಟು ಮೇಲೆಳೆಯುವ ಮೊದಲೇ, ಟ್ಯಾಂಕು ಖಾಲಿ ಮಾಡಿ ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಗಲೀಜು ಎರಡು ತಿಂಗಳು ಒಣಗಿ ಕಲ್ಲಾದರೆ ಆಗಸ್ಟಿನಲ್ಲಿ ಅತ್ತರೂ ಬಿಡುವುದಿಲ್ಲ.

ಮೂತ್ರ ಮತ್ತು ಉಪ್ಪುನೀರು ಸೇರಿ ಪೈಪಿನೊಳಗೆ ಸುಣ್ಣದಂಥ ಗಟ್ಟಿ ಪದರ ಕಟ್ಟುತ್ತವೆ. 38 ಮಿಲಿಮೀಟರಿನ ಪೈಪು ಹೆಬ್ಬೆರಳಿನಷ್ಟಾಗುವುದು ಹೀಗೆ. ತಿಂಗಳಿಗೊಮ್ಮೆ ಅರ್ಧ ಲೀಟರ್ ವಿನೆಗರ್ ಹೊಯ್ದು, ನಿಧಾನ ಪಂಪ್ ಮಾಡಿ, ಒಂದೆರಡು ಗಂಟೆ ಬಿಟ್ಟು ನೀರಿನಲ್ಲಿ ತೊಳೆದರೆ ಅದು ಗಟ್ಟಿಯಾಗುವ ಮೊದಲೇ ಕರಗುತ್ತದೆ. ಈಗಾಗಲೇ ಕಟ್ಟಿದ್ದರೆ ಪೈಪು ಬಿಚ್ಚಿ ಸಿಮೆಂಟ್ ನೆಲಕ್ಕೆ ಬಡಿಯಿರಿ, ಚೂರು ಚೂರಾಗಿ ಉದುರುತ್ತದೆ. ಇದು ಸುಂದರವಾದ ಕೆಲಸವಲ್ಲ. ಬೋಟಿನ ಮೇಲೆ ಬೇಡ, ದಡದಲ್ಲಿ, ಗ್ಲೌಸು ಹಾಕಿ ಮಾಡಿ.

ಡೆಕ್ಕಿನ ಮುಚ್ಚಳದ ರಬ್ಬರ್ ರಿಂಗು ಸವೆದಿದ್ದರೆ ನಮ್ಮ ಜೂನ್ ಮಳೆಗೆ ಖಾಲಿ ಟ್ಯಾಂಕು ತಾನಾಗಿ ತುಂಬುತ್ತದೆ. ಮುಚ್ಚಿಟ್ಟ ಬೋಟಿನಲ್ಲಿ ಟ್ಯಾಂಕು ಹೇಗೆ ತುಂಬಿತು ಎಂದು ತಲೆ ಕೆರೆದುಕೊಳ್ಳುವವರು ಅದನ್ನು ನೋಡಿ. ಗಾಳಿ ಪೈಪಿನ ಬಾಯಿಗೆ ಸಣ್ಣ ಬಲೆಯ ತುಂಡು ಕಟ್ಟಿ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಅಂಥ ತೂತುಗಳೆಂದರೆ ಬಹಳ ಇಷ್ಟ. ಮೊದಲು ಹೇಳಿದ ಲಾರಿಯ ಅನಾಹುತ ಆ ಗೂಡಿನಿಂದಲೇ ಶುರುವಾಗಬಹುದು.

ಬೋಟು ನೀರಿಗಿಳಿಸಿದ ಮೇಲೆ ಮೊದಲ ಜನ ಹತ್ತುವ ಮೊದಲು ಟ್ಯಾಂಕಿಗೆ ಬಣ್ಣ ಬೆರೆಸಿದ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಜಾಯಿಂಟುಗಳ ಕೆಳಗೆ ಬಿಳಿ ಕಾಗದ ಒರೆಸಿ ನೋಡಿ. ಬಣ್ಣ ಕಂಡಲ್ಲಿ ಕ್ಲಿಪ್ ಬಿಗಿಯಿರಿ. ಬೋಟಿನಲ್ಲಿ ಯಾವಾಗಲೂ ಒಂದು ಸಣ್ಣ ಡಬ್ಬಿಯಲ್ಲಿ ಎರಡು ಜೋಕರ್ ವಾಲ್ವ್, ಪಂಪಿನ ಒಂದು ಸರ್ವಿಸ್ ಕಿಟ್, ನಾಲ್ಕು ಕ್ಲಿಪ್, ಒಂದು ಮೀಟರ್ ಪೈಪು, ಸಿಲಿಕೋನ್ ಗ್ರೀಸ್, ಉದ್ದ ಗ್ಲೌಸು ಇಟ್ಟಿರಿ. ಕಿಟ್ ಆರ್ಡರ್ ಮಾಡುವುದಾದರೆ ಮೇ ತಿಂಗಳಲ್ಲೇ ಮಾಡಿ. ಜುಲೈ ಕೊನೆಯ ವಾರದಲ್ಲಿ ದಕ್ಕೆಯ ಎಲ್ಲರಿಗೂ ಎಲ್ಲವೂ ಒಟ್ಟಿಗೆ ಬೇಕಾಗುತ್ತದೆ.